ಕಿಂಡಿಯ ಮೇಲಿನ ಚಮಚ

ಟೀಚರಮ್ಮ ಬಂದು ಹಿತ್ತಲ ಬಾಗಿಲಲ್ಲಿ ನಿಂತಾಗ ಪಾತ್ರೆಯಕ್ಕ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತಳ ಹಿಡಿದ ಹಾಲಿನ ಪಾತ್ರೆಯೊಂದರ ಜೊತೆ ಜಿದ್ದಿಗೆ ಬಿದ್ದಿದ್ದಳು. ಹೋಟೆಲಿನ ಕೆಲಸ ಬಿಟ್ಟು ಮನೆ ಹಿಡಿದು ವರ್ಷಗಳಾಗಿದ್ದರೂ ಆ ಸುದ್ದಿ ಅವಳ ಕೈಗಳಿಗೆ ಇನ್ನೂ ಮುಟ್ಟಿರಲಿಲ್ಲ. ಸೊಸೆ ತೊಳೆದು ಬೋರಲು ಹಾಕಿದ ಪಾತ್ರೆಗಳನ್ನು ಮೆಲ್ಲಗೆ ಎತ್ತಿಕೊಂಡು ಬಂದು ಇನ್ನೊಂದು ಸಲ ತೊಳೆಯುತ್ತಿದ್ದಳು. ಸೊಸೆ ಅದನ್ನು ನೋಡಿ ಮುಖ ಊದಿಸಿಕೊಂಡು, ಹಾಗಿದ್ದರೆ ನಾನ್ಯಾಕೆ ಸೊಂಟ ಮುರಿದುಕೊಳ್ಳಬೇಕು, ಎಲ್ಲಾ ನಿಮಗೇ ಬಿಡ್ತೀನಿ ಎನ್ನುತ್ತಿದ್ದಳು. ದಿನ ಬೆಳಗಾದರೆ ಆ ಮನೆಯಲ್ಲಿ ಇದೇ ಹಾಡು.

ಟೀಚರಮ್ಮ ಬಂದ ಕಾರಣ ಬೇರೆ. ಊರಿಗೆಲ್ಲ ಹೆಸರಾಗಿದ್ದ ದೊಡ್ಡ ಅಡುಗೆಯವರು, ಎಲ್ಲರೂ ಉಸ್ತಾದರು ಎಂದೇ ಕರೆಯುತ್ತಿದ್ದವರು, ಚಿಕ್ಕಂದಿನಲ್ಲಿ ಅವಳ ಶಾಲೆಯಲ್ಲೇ ನಾಲ್ಕನೇ ಕ್ಲಾಸಿನವರೆಗೆ ಓದಿದ್ದರು. ಅವರ ಫೋಟೋ ತರಗತಿಯಲ್ಲಿ ಹಾಕಿ, ಮಕ್ಕಳಿಗೆ ಅವರ ಬದುಕು ತಿಳಿಸಬೇಕೆಂದು ಟೀಚರಮ್ಮ ಓಡಾಡುತ್ತಿದ್ದಳು. ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಗುಡ್ಡೆ ಹಾಕಿ ಪಾಠ ಮಾಡಿದ್ದಳು. ಆದರೆ ಅದರಲ್ಲಿ ಇದ್ದದ್ದೆಲ್ಲ ಪದಕ, ಶಾಲು, ಹಾರ. ಮಕ್ಕಳು ಕೇಳಿದ್ದು ಬೇರೆಯೇ. ಅವರಿಗೆ ಕೋಪ ಬಂದರೆ ಏನು ಮಾಡ್ತಿದ್ರು, ಅವರ ಕೈಯಲ್ಲಿ ಯಾವತ್ತಾದರೂ ಅನ್ನ ಸೀದಿತ್ತಾ, ಮನೆಯಲ್ಲೂ ಅವರೇ ಅಡುಗೆ ಮಾಡ್ತಿದ್ರಾ. ಟೀಚರಮ್ಮನಿಗೆ ಉತ್ತರ ಹೊಳೆಯದೆ ತಡವರಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಪಾತ್ರೆಯಕ್ಕನ ಮೊಮ್ಮಗಳು ಎದ್ದು ನಿಂತು, ನಮ್ಮಜ್ಜಿ ಅವರ ಪಾತ್ರೆ ತೊಳೀತಿದ್ಲು ಟೀಚರ್, ಅವಳನ್ನೇ ಕೇಳಿ, ಆದರೆ ಶುರು ಮಾಡಿದ್ರೆ ಬೆಲ್ ಹೊಡೆದರೂ ನಿಲ್ಲಿಸಲ್ಲ ಎಂದುಬಿಟ್ಟಿದ್ದಳಂತೆ.

ಪಾತ್ರೆಯಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ನಕ್ಕಳು. ಒಳಗೊಳಗೇ ಹಿಗ್ಗಿದಳು ಕೂಡ. ಬರ್ತೀನಿ ಎಂದು ಒಪ್ಪಿಕೊಂಡೂ ಆಯಿತು. ಟೀಚರಮ್ಮ ಹೊರಡುವಾಗ ತಿರುಗಿ, ಉಸ್ತಾದರ ಮಗಳೂ ಬರ್ತಿದ್ದಾರೆ ಅಜ್ಜಿ, ಅಪ್ಪನ ಏಪ್ರನ್ನನ್ನು ಶಾಲೆಗೆ ಕೊಡ್ತಾರಂತೆ, ಫೋಟೋ ಪಕ್ಕದಲ್ಲಿ ಮೊಳೆ ಹೊಡೆಸಿ ತೂಗುಹಾಕ್ತೀವಿ ಎಂದಳು.

ಆ ಮಾತು ಕೇಳಿದ್ದೇ ಪಾತ್ರೆಯಕ್ಕ ನಲ್ಲಿ ನಿಲ್ಲಿಸುವುದನ್ನೂ ಮರೆತಳು. ಟೀಚರಮ್ಮ ಬೀದಿ ತಿರುಗಿ ಮರೆಯಾದಳು. ನಲ್ಲಿ ಸುರಿಯುತ್ತಲೇ ಇತ್ತು. ಸೊಸೆ ಬಂದು, ನೀರೇನು ಪುಕ್ಕಟೆ ಬರುತ್ತಾ ಅತ್ತೆ ಎಂದು ನಲ್ಲಿ ನಿಲ್ಲಿಸಿ ಹೋದಳು. ಅದೂ ಪಾತ್ರೆಯಕ್ಕನ ಕಿವಿಗೆ ಬೀಳಲಿಲ್ಲ.

ಉಸ್ತಾದರು ಸಾಯುವ ಮುಂಚೆ ಅವಳಿಂದ ಒಂದು ಮಾತು ತೆಗೆದುಕೊಂಡಿದ್ದರು. ಆ ಮಾತಿನ ಕೆಳಗೆ ಅವರ ಮಗಳಿಗೆ ಸೇರಬೇಕಾದ ಸತ್ಯವೊಂದು ಹೂತು ಕೂತಿತ್ತು. ಮಾತು ಉಳಿಸಿಕೊಂಡರೆ ಆ ಹುಡುಗಿಗೆ ಅನ್ಯಾಯ, ಸತ್ಯ ಹೇಳಿದರೆ ಸತ್ತವರಿಗೆ ದ್ರೋಹ. ಇಷ್ಟು ದಿನ ಅವಳು ಆ ಮಗಳ ಎದುರು ಹೆಚ್ಚು ಹೊತ್ತು ನಿಲ್ಲದೆ ತಪ್ಪಿಸಿಕೊಂಡು ಬಂದಿದ್ದಳು. ಈಗ ಅವಳನ್ನು ಎದುರಿಗೆ ಕೂರಿಸಿಕೊಂಡು ಉಸ್ತಾದರ ಬದುಕು ಹೇಳಬೇಕು.

*

ಪಾತ್ರೆಯಕ್ಕ ಉಸ್ತಾದರ ಹೋಟೆಲಿಗೆ ಕಾಲಿಟ್ಟದ್ದು ತುಂಬು ಹರೆಯದಲ್ಲಿ. ಗಂಡ ಲಾರಿಗೆ ಮೂಟೆ ಹೊರುತ್ತಿದ್ದವನು, ಒಂದು ದಿನ ಹಲಗೆ ಜಾರಿ ಬಿದ್ದು ಬೆನ್ನು ಮುರಿದುಕೊಂಡ. ಆಮೇಲೆ ಮನೆಯ ನೊಗ ಇವಳ ಹೆಗಲಿಗೆ ಬಂತು. ಅಡುಗೆಮನೆಯ ಹಿಂದೆ ಒಂದು ಕತ್ತಲೆ ಕೋಣೆ, ಅದರಲ್ಲಿ ಸಾಲಾಗಿ ಕಲ್ಲಿನ ತೊಟ್ಟಿಗಳು, ಸದಾ ಹಬೆ, ಸದಾ ನೀರಿನ ಸದ್ದು. ಅಡುಗೆಮನೆಗೂ ಆ ಕೋಣೆಗೂ ನಡುವೆ ಗೋಡೆಯಲ್ಲಿ ಒಂದು ಕಿಂಡಿ. ಎಂಜಲು ಪಾತ್ರೆ ಆ ಕಿಂಡಿಯಿಂದ ಬರುತ್ತಿತ್ತು, ತೊಳೆದ ಪಾತ್ರೆ ಅದೇ ಕಿಂಡಿಯಿಂದ ಹೋಗುತ್ತಿತ್ತು. ಪಾತ್ರೆಯಕ್ಕ ಕಂಡ ಲೋಕವೆಲ್ಲ ಆ ಕಿಂಡಿಯಷ್ಟಗಲ.

ಆದರೆ ಪಾತ್ರೆಗಳು ಅವಳಿಗೆ ಹೇಳದ ಸಂಗತಿ ಇರಲಿಲ್ಲ. ತಳದ ಸುಟ್ಟ ಕಲೆ ನೋಡಿ ಇವತ್ತು ಯಾವ ಅಡುಗೆಯವನು ಮನೆಯಲ್ಲಿ ಜಗಳ ಆಡಿಕೊಂಡು ಬಂದಿದ್ದಾನೆ ಅಂತ ಹೇಳುತ್ತಿದ್ದಳು. ಬಾಣಲೆಯನ್ನು ಕಿಂಡಿಯೊಳಗೆ ಧಡ್ ಎಂದು ಎಸೆಯುವವರು ಕೆಲವರು, ತಳ್ಳುವವರು ಕೆಲವರು. ಉಸ್ತಾದರು ಮಾತ್ರ ತಮ್ಮ ಪಾತ್ರೆಯನ್ನು ತಾವೇ ತಂದು, ಹಿಡಿ ಅವಳ ಕಡೆಗೆ ಬರುವ ಹಾಗೆ ತಿರುಗಿಸಿ ಇಡುತ್ತಿದ್ದರು. ಅಡುಗೆಯವರನ್ನು ನಿಂತಲ್ಲೇ ನಡುಗಿಸುವ ಆ ಮನುಷ್ಯ, ಹಿಡಿ ತಿರುಗಿಸುವುದನ್ನು ಒಂದು ದಿನವೂ ಮರೆಯಲಿಲ್ಲ. ಅವಳನ್ನು ತಂಗಿ ಎಂದೇ ಕರೆಯುತ್ತಿದ್ದರು.

ಅವರ ಅಡುಗೆಮನೆಯಲ್ಲಿ ಒಂದು ಕಟ್ಟಳೆ ಇತ್ತು. ಬಾಯಿಗೆ ಹೋದ ಚಮಚ ಮತ್ತೆ ಪಾತ್ರೆಗೆ ಹೋಗಕೂಡದು. ಪ್ರತಿ ಒಲೆಯ ಪಕ್ಕದಲ್ಲೂ ಒಂದು ಲೋಟದ ತುಂಬ ಶುಚಿಯಾದ ಚಮಚ. ರುಚಿ ನೋಡಿದ ಚಮಚವೆಲ್ಲ ಕಿಂಡಿಗೆ. ಹಾಗಾಗಿ ಪಾತ್ರೆಗಿಂತ ಚಮಚವೇ ಅವಳ ಕೈಗೆ ಹೆಚ್ಚು ಸಿಗುತ್ತಿತ್ತು. ಯಾರು ನಾಲಿಗೆಯ ತುದಿಯಲ್ಲಿ ನೋಡುತ್ತಾರೆ, ಯಾರು ರುಚಿ ನೋಡುವ ನೆಪದಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ ಎನ್ನುವುದೆಲ್ಲ ಅವಳಿಗೆ ಅಂಗೈಯ ಗೆರೆಯಷ್ಟು ಸ್ಪಷ್ಟ.

ಒಂದು ಚಳಿಗಾಲದಲ್ಲಿ ಉಸ್ತಾದರು ಜ್ವರ ಬಂದು ಹಾಸಿಗೆ ಹಿಡಿದರು. ಎದ್ದು ಬಂದ ಮೇಲೆ ಅದೇ ನಡಿಗೆ, ಅದೇ ಗದರು ದನಿ. ಆದರೆ ಅವರ ಚಮಚಗಳು ಬದಲಾಗಿದ್ದವು. ಸೂಪಿನಲ್ಲಿ ಅದ್ದಿದ ಚಮಚ ನೆಕ್ಕದೆ ಹಾಗೇ ಬರುತ್ತಿತ್ತು. ಅದರ ಮೇಲೆ ಸೂಪು ಒಣಗಿ ಕೆನೆ ಕಟ್ಟಿರುತ್ತಿತ್ತು. ಅಡುಗೆಯವರ ಕಣ್ಣಿಗೆ ಉಸ್ತಾದರು ಚಮಚ ಬಾಯಿಗೆ ಒಯ್ದದ್ದು ಕಾಣುತ್ತಿತ್ತು, ಅಷ್ಟೇ. ಪಾತ್ರೆಯಕ್ಕ ಯಾರಿಗೂ ಪಿಟ್ಟೆನ್ನಲಿಲ್ಲ. ಕೊನೆಗೆ ಒಂದು ಬೆಳಗ್ಗೆ ಮೀನಿನ ಸೂಪಿನ ಹಂಡೆ ಬಡಿಸುವವರ ಕಡೆಗೆ ಹೊರಟಿದ್ದಾಗ, ಕಿಂಡಿಗೆ ಬಂದ ಸೌಟಿನಲ್ಲಿ ಹಳಸಿದ ವಾಸನೆ ಅವಳ ಮೂಗಿಗೆ ಹೊಡೆಯಿತು. ಉಸ್ತಾದರು ಒಪ್ಪಿ ಕಳಿಸಿದ ಹಂಡೆ ಅದು. ಅವಳು ಒದ್ದೆ ಕೈಯಲ್ಲೇ ಓಡಿ ಹೋಗಿ, ಹಂಡೆಗೆ ಸೋಪಿನ ನೀರು ಸಿಡಿದಿದೆ, ನನ್ನ ಕೈತಪ್ಪು, ಕ್ಷಮಿಸಿ ಎಂದು ಸುಳ್ಳು ಹೇಳಿ ಅದನ್ನು ಚೆಲ್ಲಿಸಿದಳು. ಅಡುಗೆಯವರಿಂದ ಬಾಯಿ ತುಂಬ ಬೈಸಿಕೊಂಡಳು.

ಮಧ್ಯಾಹ್ನ ಉಸ್ತಾದರು ತೊಳೆಯುವ ಕೋಣೆಗೆ ಬಂದು, ಆಲೂಗಡ್ಡೆ ಮೂಟೆಯ ಮೇಲೆ ಕೂತರು.

"ಯಾವಾಗಿಂದ ಗೊತ್ತು ತಂಗಿ?"

"ಜ್ವರ ಬಿಟ್ಟಾಗಿಂದ. ನಿಮ್ಮ ಚಮಚ ಹೇಳ್ತು ಉಸ್ತಾದ್ರೇ."

ಮೂಗೂ ಇಲ್ಲ, ನಾಲಿಗೆಯೂ ಇಲ್ಲ, ಬಾಯಲ್ಲಿ ಹತ್ತಿ ಇಟ್ಟ ಹಾಗೆ ಇರುತ್ತೆ ಎಂದರು. ವೈದ್ಯರ ಮನೆಗಳ ಮೆಟ್ಟಿಲು ಹತ್ತಿ ಇಳಿದದ್ದಾಗಿತ್ತು. ವಿಷಯ ಹೊರಗೆ ಹೋದರೆ ಹೋಟೆಲು ಮುಚ್ಚುತ್ತದೆ, ಈ ಒಲೆ ಆರಿದರೆ ಎಷ್ಟೋ ಮನೆಗಳ ಒಲೆ ಆರುತ್ತದೆ. ಅಡುಗೆಯವರಿಗೆ ಹೇಳೋಣವೆಂದರೆ ಅವರಲ್ಲಿ ಅರ್ಧ ಜನಕ್ಕೆ ಉಸ್ತಾದರ ಜಾಗದ ಮೇಲೆಯೇ ಕಣ್ಣು.

ಅವತ್ತಿನಿಂದ ಅವರಿಬ್ಬರ ನಡುವೆ ಒಂದು ಏರ್ಪಾಡಾಯಿತು. ಉಸ್ತಾದರು ಎಂಜಲು ಚಮಚ ಹಾಕುವವರ ಹಾಗೆ ಕಿಂಡಿಗೆ ಬರುತ್ತಿದ್ದರು. ಚಮಚದ ತುಂಬ ಅಡುಗೆ ಇರುತ್ತಿತ್ತು. ಪಾತ್ರೆಯಕ್ಕ ಬಗ್ಗಿ ರುಚಿ ನೋಡಿ ಚಮಚವನ್ನು ಕಿಂಡಿಯ ಕಟ್ಟೆಯ ಮೇಲೆ ಇಡುತ್ತಿದ್ದಳು. ಅಂಗಾತ ಇಟ್ಟರೆ ಸರಿಯಾಗಿದೆ ಎಂದು. ಬೋರಲು ಇಟ್ಟರೆ ಏನೋ ಕೊರತೆ ಎಂದು. ಕೊರತೆ ಏನು ಎನ್ನುವುದನ್ನು ನಲ್ಲಿಯ ಸದ್ದಿನಲ್ಲಿ ಒಂದೇ ಮಾತಲ್ಲಿ ಹೇಳುತ್ತಿದ್ದಳು. ಉಪ್ಪು. ಹುಳಿ. ಖಾರ. ಮೊದಮೊದಲು ಅವಳಿಗೂ ತಪ್ಪುತ್ತಿತ್ತು. ಹೆದರಿಕೆಯಿಂದ ಎಲ್ಲವನ್ನೂ ಅಂಗಾತ ಇಟ್ಟುಬಿಡುತ್ತಿದ್ದಳು. ಉಸ್ತಾದರು ಮೆಲ್ಲಗೆ ಗದರಿದರು. ನನಗೆ ಹೊಗಳುವವರು ಬೇಕಾದಷ್ಟು ಇದ್ದಾರೆ ತಂಗಿ, ನೀನೂ ಅವರ ಸಾಲಿಗೆ ಸೇರಿದರೆ ನಾನು ಮುಳುಗಿದೆ ಎಂದರು. ಆಮೇಲೆ ಅವಳು ಬೋರಲು ಇಡುವುದನ್ನು ಕಲಿತಳು.

ಮಿಕ್ಕಿದ್ದೆಲ್ಲ ಉಸ್ತಾದರದೇ. ಅವರು ಕಿವಿಯಲ್ಲಿ ಅಡುಗೆ ಮಾಡುತ್ತಿದ್ದರು, ಕಣ್ಣಲ್ಲಿ ಮಾಡುತ್ತಿದ್ದರು, ಬೆರಳ ತುದಿಯಲ್ಲಿ ಮಾಡುತ್ತಿದ್ದರು. ಅವರ ಹೆಸರು ಇನ್ನೂ ಮೇಲಕ್ಕೆ ಹೋದದ್ದು ಆ ವರ್ಷಗಳಲ್ಲೇ.

*

ಉಸ್ತಾದರಿಗೆ ಒಬ್ಬಳೇ ಮಗಳು. ತಾಯಿ ಇಲ್ಲದ ಕೂಸು, ಅಡುಗೆಮನೆಯ ಹೊಸ್ತಿಲಲ್ಲಿ ಬಟಾಣಿ ಸುಲಿಯುತ್ತಾ ಬೆಳೆದದ್ದು. ಅಪ್ಪ ತಂಗಿ ಎನ್ನುತ್ತಾರೆಂದು ಇವಳು ಪಾತ್ರೆಯಕ್ಕನನ್ನು ಅತ್ತೆ ಎನ್ನುತ್ತಿದ್ದಳು. ಅವಳಿಗೂ ಅಡುಗೆಯದೇ ಹುಚ್ಚು. ಅಪ್ಪನ ನೆರಳಲ್ಲಿ ಕಲಿತರೆ ಮಗಳೆಂದು ಒಪ್ಪಿಕೊಂಡರು ಅಂತಾರೆ ಎಂದು ಬೇರೆ ಊರಿಗೆ ಹೋಗಿ, ಬೇರೆಯವರ ಅಡುಗೆಮನೆಯಲ್ಲಿ ಬೆವರು ಸುರಿಸಿ ಕಲಿತು ಬಂದಳು. ಅಪ್ಪನಿಗೆ ಜ್ವರ ಬಂದದ್ದು ಅವಳಿಗೆ ಗೊತ್ತಿತ್ತು. ಜ್ವರ ಏನನ್ನು ಕಿತ್ತುಕೊಂಡು ಹೋಯಿತು ಎನ್ನುವುದು ಗೊತ್ತಿರಲಿಲ್ಲ.

ಆ ಅಡುಗೆಮನೆಗೆ ಹೊಸದಾಗಿ ಸೇರುವವರು ಮೊದಲ ದಿನ ಎಲ್ಲರ ಎದುರು ಒಂದು ಪಾತ್ರೆ ಅಡುಗೆ ಮಾಡಬೇಕು. ಉಸ್ತಾದರು ರುಚಿ ನೋಡುತ್ತಾರೆ. ಒಪ್ಪಿಗೆಯಾದರೆ ಅವರೇ ಹಿಂದೆ ನಿಂತು ಏಪ್ರನ್ನಿನ ದಾರ ಕಟ್ಟುತ್ತಾರೆ. ಇಲ್ಲದಿದ್ದರೆ ಮಾತಿಲ್ಲದೆ ಪಾತ್ರೆಗೆ ಮುಚ್ಚಳ ಮುಚ್ಚುತ್ತಾರೆ. ಮುಚ್ಚಳ ಬಿದ್ದವರು ಬಂದ ದಾರಿ ಹಿಡಿಯಬೇಕು.

ಮಗಳು ಬಂದದ್ದು ಹೇಳದೆ ಕೇಳದೆ. ಅಪ್ಪನಿಗೆ ಅಚ್ಚರಿ ಮಾಡಬೇಕೆಂದು. ಅವತ್ತೇ ಪಾತ್ರೆಯಕ್ಕನ ಗಂಡನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದರು. ಕಿಂಡಿಯ ಆಚೆ ಬೇರೆ ಯಾರೋ ನಿಂತಿದ್ದರು. ಮಗಳು ಒಂದು ಪಾತ್ರೆ ತರಕಾರಿ ಸೂಪು ಮಾಡಿ, ಚಮಚ ತೆಗೆದು ಅಪ್ಪನ ಕೈಗೆ ಕೊಟ್ಟಳು. ಅಡುಗೆಯವರೆಲ್ಲ ಸುತ್ತ ನಿಂತಿದ್ದರು. ಉಸ್ತಾದರು ಚಮಚ ಬಾಯಿಗಿಟ್ಟುಕೊಂಡರು. ಹತ್ತಿ.

ಅವರ ತಲೆಯಲ್ಲಿ ಅವತ್ತು ಏನು ಓಡಿತು ಎನ್ನುವುದನ್ನು ಆಮೇಲೆ ಅವರೇ ಪಾತ್ರೆಯಕ್ಕನ ಮುಂದೆ ಹೇಳಿಕೊಂಡರು. ಅಡುಗೆ ಕೆಟ್ಟಿದ್ದು ತಾನು ಒಪ್ಪಿಬಿಟ್ಟರೆ, ಮಗಳೆಂದು ಕಣ್ಣು ಮುಚ್ಚಿಕೊಂಡ ಅಂತಾರೆ, ಇಲ್ಲವೇ ಇವನ ನಾಲಿಗೆ ಹೋಗಿದೆ ಅಂತ ಗುಮಾನಿ ಪಡ್ತಾರೆ. ಎರಡಕ್ಕೂ ಹೆದರಿ ಅವರು ಮುಚ್ಚಳ ಎತ್ತಿಕೊಂಡು ಪಾತ್ರೆ ಮುಚ್ಚಿದರು. ಮಗಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಕೈ ತೊಳೆದುಕೊಂಡು ಹಿಂಬಾಗಿಲಿಂದ ಹೊರಟುಹೋದಳು.

ಮಾರನೆಯ ಬೆಳಗ್ಗೆ ಪಾತ್ರೆಯಕ್ಕ ಕೆಲಸಕ್ಕೆ ಬಂದಾಗ ಆ ಪಾತ್ರೆ ತೊಟ್ಟಿಯ ಪಕ್ಕ ಕೂತಿತ್ತು. ತೊಳೆದಿರಲಿಲ್ಲ, ಆದರೆ ತೊಳೆದ ಹಾಗೇ ಹೊಳೆಯುತ್ತಿತ್ತು. ಅಪ್ಪ ಮಗಳು ಅತ್ತ ಹೋದದ್ದೇ ತಡ, ಅಡುಗೆಯವರು ಮುಚ್ಚಳ ತೆಗೆದು ಉಂಡಿದ್ದರು. ಉಂಡು ಸಾಲದೆ ಬ್ರೆಡ್ಡಿನ ತುಂಡಿನಲ್ಲಿ ತಳ, ಅಂಚು, ಹಿಡಿಯ ಬುಡ ಎಲ್ಲಾ ಒರೆಸಿ ತಿಂದಿದ್ದರು. ಇಷ್ಟು ಚೆನ್ನಾಗಿದ್ದುದಕ್ಕೆ ಮುಚ್ಚಳ ಯಾಕೆ ಬಿತ್ತು ಎಂದು ಅವರಿಗೂ ಅರ್ಥವಾಗಿರಲಿಲ್ಲ. ಮಗಳೆಂದು ಬಿಗಿ ಹೆಚ್ಚು ಮಾಡಿರಬೇಕು ಎಂದುಕೊಂಡು ಬಾಯಿ ಹೊಲಿದುಕೊಂಡಿದ್ದರು. ಉಸ್ತಾದರ ಎದುರು ನಿಂತು ಕೇಳುವ ಗುಂಡಿಗೆ ಯಾರಿಗಿತ್ತು?

ಪಾತ್ರೆಯಕ್ಕ ಆ ಪಾತ್ರೆ ಹಿಡಿದುಕೊಂಡೇ ಉಸ್ತಾದರ ಮುಂದೆ ಹೋಗಿ ನಿಂತಳು.

"ಒರೆಸಿ ತಿಂದಿದ್ದಾರೆ ಉಸ್ತಾದ್ರೇ. ನನ್ನ ಕೈಗೆ ಕೆಲಸಾನೇ ಉಳಿಸಿಲ್ಲ."

ಆ ಎತ್ತರದ ಮನುಷ್ಯ ಗೋಡೆ ಹಿಡಿದು ಕೂತದ್ದನ್ನು ಅವಳು ಎಂದೂ ಮರೆಯಲಿಲ್ಲ. ಹೋಗಿ ಹೇಳಿಬಿಡಿ ಎಂದಳು. ಹೇಳಿದರೆ ಎಲ್ಲಾ ಹೇಳಬೇಕಾಗುತ್ತೆ ಎಂದರು. ಈ ಸೀಸನ್ನು ಕಳೀಲಿ ಎಂದರು, ಮುಂದಿನ ವರ್ಷ ಎಂದರು. ಅಷ್ಟರಲ್ಲಿ ಮಗಳು ಪೇಟೆಯಲ್ಲಿ ಪರದೆ ಹೊಲಿಯುವ ಅಂಗಡಿ ಹಾಕಿದಳು. ಅಪ್ಪನನ್ನು ನೋಡಲು ಬರುತ್ತಿದ್ದಳು, ಕಿಟಕಿಗಳಿಗೆಲ್ಲ ಪರದೆ ಹೊಲಿದು ಹಾಕಿದಳು, ಹವೆಯ ಬಗ್ಗೆ ಮಾತಾಡುತ್ತಿದ್ದಳು, ಮಂಡಿನೋವಿನ ಬಗ್ಗೆ ಮಾತಾಡುತ್ತಿದ್ದಳು. ಅಡುಗೆಯ ಸುದ್ದಿ ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ.

ಕೊನೆಗೆ ಉಸ್ತಾದರು ಹಾಸಿಗೆ ಹಿಡಿದಾಗ ಪಾತ್ರೆಯಕ್ಕ ಹೋಗಿ, ಈಗಲಾದರೂ ಹೇಳಿ, ಇಲ್ಲಾಂದ್ರೆ ನಾನೇ ಹೇಳ್ತೀನಿ ಎಂದಳು. ಅವರು ಅವಳ ಕೈ ಹಿಡಿದುಕೊಂಡರು.

"ಬೇಡ ತಂಗಿ. ನಾನು ಹೋದ ಮೇಲೂ ಬೇಡ. ಅವಳ ಕಣ್ಣಲ್ಲಿ ಕಲ್ಲೆದೆಯವನಾಗಿ ಇರ್ತೀನಿ, ಪರವಾಗಿಲ್ಲ. ಹೆದರುಪುಕ್ಕಲ ಅನ್ನಿಸಿಕೊಳ್ಳೋಕೆ ನನ್ನಿಂದ ಆಗಲ್ಲ."

ಆ ಹೊತ್ತಿನಲ್ಲಿ ಆ ಮುಖಕ್ಕೆ ಇಲ್ಲ ಎನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಆಗಲಿ ಎಂದಳು. ಅಷ್ಟೇ ಮಾತು. ಆ ಮಾತನ್ನು ಅವಳು ಇಲ್ಲಿಯವರೆಗೂ ಹೊತ್ತುಕೊಂಡು ಬಂದಿದ್ದಳು.

*

ತರಗತಿಯಲ್ಲಿ ಮಕ್ಕಳು ಬೆಂಚುಗಳ ಮೇಲೆ ಒತ್ತಿಕೊಂಡು ಕೂತಿದ್ದರು. ಗೋಡೆಯ ಮೇಲೆ ಉಸ್ತಾದರ ಫೋಟೋ, ಪಕ್ಕದಲ್ಲಿ ಹೊಸ ಮೊಳೆ. ಉಸ್ತಾದರ ಮಗಳು ಹಿಂದಿನ ಬೆಂಚಿನ ತುದಿಯಲ್ಲಿ, ಮಡಿಚಿದ ಏಪ್ರನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೂದಲಲ್ಲಿ ಬಿಳಿ ಎಳೆ ಕಾಣುತ್ತಿತ್ತು. ಚೆನ್ನಾಗಿದ್ದೀರಾ ಅತ್ತೆ ಎಂದಳು. ಹೂಂ ಕಣಮ್ಮ ಎಂದು ಪಾತ್ರೆಯಕ್ಕ ಬೇರೆ ಕಡೆ ನೋಡಿದಳು.

ಟೀಚರಮ್ಮ ಮೊದಲು ತನ್ನ ಪಾಠ ಹೇಳಿದಳು. ಕೊನೆಯ ದಿನದವರೆಗೂ ಪ್ರತಿ ಪಾತ್ರೆಯ ರುಚಿಯನ್ನು ಸ್ವತಃ ನೋಡುತ್ತಿದ್ದ ಮಹಾನುಭಾವರು ಎಂದಳು. ಪಾತ್ರೆಯಕ್ಕನಿಗೆ ಕುರ್ಚಿ ಮುಳ್ಳಾದ ಹಾಗಾಯಿತು.

ಅವಳ ಸರದಿ ಬಂದಾಗ ಅವಳು ಸುರಕ್ಷಿತವಾದ ಕಡೆಯಿಂದ ಶುರು ಮಾಡಿದಳು. ಉಸ್ತಾದರ ಅಪ್ಪ ಕೈಗಾಡಿ ಎಳೆಯುತ್ತಿದ್ದದ್ದು, ಇವರು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಒಂದು ಹೋಟೆಲಿನಲ್ಲಿ ಈರುಳ್ಳಿ ಸುಲಿಯಲು ಸೇರಿದ್ದು, ಮೊದಲ ಸಲ ಒಲೆ ಕೈಗೆ ಸಿಕ್ಕಾಗ ಖುಷಿಯಲ್ಲಿ ಎರಡು ಸಲ ಉಪ್ಪು ಹಾಕಿ, ಹೋಟೆಲಿನವರೆಲ್ಲ ಅವತ್ತಿಡೀ ನೀರು ಕುಡಿದದ್ದು. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಅನ್ನ ಸೀದಿತ್ತಾ ಎಂದು ಕೇಳಿದವನಿಗೆ, ಸೀದಿತ್ತು ಮಗಾ, ಆ ತಳ ಉಜ್ಜಿ ಉಜ್ಜಿ ನನ್ನ ಉಗುರು ಸವೆದದ್ದು ನೋಡು ಎಂದು ಕೈ ತೋರಿಸಿದಳು. ಕೋಪ ಬಂದರೆ ಉಸ್ತಾದರು ಬೈಯುತ್ತಿರಲಿಲ್ಲ, ದನಿ ತಗ್ಗಿಸುತ್ತಿದ್ದರು, ಅದಕ್ಕೇ ಎಲ್ಲರೂ ನಡುಗುತ್ತಿದ್ದರು ಎಂದಳು. ಬಾಯಿಗೆ ಹೋದ ಚಮಚದ ಕಟ್ಟಳೆ ಹೇಳಿದಳು. ಮೊಮ್ಮಗಳು ಹೆಮ್ಮೆಯಿಂದ ಅತ್ತ ಇತ್ತ ನೋಡುತ್ತಿದ್ದಳು.

ಮುಂದಿನ ಬೆಂಚಿನ ಒಂದು ಸಣ್ಣ ಹುಡುಗಿ ಎದ್ದು, ನೀವು ಊಟ ಮಾಡ್ತಿರಲಿಲ್ಲ, ಬರೀ ಪಾತ್ರೆ ತೊಳೀತಿದ್ರಿ, ಅಡುಗೆ ಚೆನ್ನಾಗಿತ್ತೋ ಇಲ್ಲವೋ ನಿಮಗೆ ಹೆಂಗೆ ಗೊತ್ತಾಗ್ತಿತ್ತು ಎಂದು ಕೇಳಿದಳು.

ಪಾತ್ರೆಯಕ್ಕ ತಾನು ಬಲ್ಲ ವಿದ್ಯೆಯ ಸಂಭ್ರಮದಲ್ಲಿ ಮೈಮರೆತಳು. ಚೆನ್ನಾಗಿಲ್ಲದ್ದು ತಳದಲ್ಲಿ ಉಳಿದು ಬರುತ್ತೆ ಕೂಸೇ, ಚೆನ್ನಾಗಿರೋದು ಖಾಲಿಯಾಗಿ ಬರುತ್ತೆ, ತೀರಾ ಚೆನ್ನಾಗಿದ್ದರೆ ಬ್ರೆಡ್ಡಿನಲ್ಲಿ ಒರೆಸಿ ತಿಂದಿರ್ತಾರೆ, ಪಾತ್ರೆ ಕನ್ನಡಿ ಆಗಿರುತ್ತೆ ಎಂದಳು. ಅಡುಗೆಯವರು ಬೇರೆಯವರ ಅಡುಗೇನ ಹಾಗೆ ತಿನ್ನೋದು ತೀರಾ ಅಪರೂಪ, ನಾನಂತೂ ಒಂದೇ ಸಲ ನೋಡಿದ್ದು ಎಂದಳು.

"ಅದು ಉಸ್ತಾದರು ಮಾಡಿದ್ದಾ?"

"ಅಲ್ಲ."

"ಮತ್ತೆ ಯಾರು ಮಾಡಿದ್ದು?"

ಯಾರೋ ಒಬ್ಬರು ಎಂದು ಹೇಳಿ ಪಾತ್ರೆಯಕ್ಕ ದಾಟಬಹುದಿತ್ತು. ಮಕ್ಕಳು ನಂಬುತ್ತಿದ್ದರು. ಗೋಡೆಯ ಮೇಲಿಂದ ಉಸ್ತಾದರು ನೋಡುತ್ತಿದ್ದರು. ಆದರೆ ಅವಳ ಕಣ್ಣು ಹೋದದ್ದು ಹಿಂದಿನ ಬೆಂಚಿಗೆ. ಆ ಮಗಳ ಕೈಗಳು ಏಪ್ರನ್ನಿನ ಮಡಿಕೆಯನ್ನು ಸರಿ ಮಾಡುತ್ತಲೇ ಇದ್ದವು. ಅಡುಗೆಯ ಕೈಗಳು ಅವು, ಪರದೆಯ ಬಟ್ಟೆಯನ್ನೇ ಮುಟ್ಟುತ್ತಾ ಮುದಿಯಾಗುತ್ತಿವೆ. ಸತ್ತವರ ಮಾನ ಕಾಯಲು ಹೋಗಿ ಬದುಕಿರುವವಳನ್ನು ಇನ್ನೆಷ್ಟು ದಿನ ಮುಚ್ಚಳದ ಕೆಳಗೆ ಇಡುವುದು ಎಂದು ಅವಳಿಗೆ ಅನ್ನಿಸಿತು. ನನ್ನನ್ನು ಕ್ಷಮಿಸಿ ಉಸ್ತಾದ್ರೇ ಎಂದುಕೊಂಡಳು, ಮನಸ್ಸಿನಲ್ಲಿ.

"ಅಗೋ, ಅಲ್ಲಿ ಕೂತಿದ್ದಾಳಲ್ಲ ಉಸ್ತಾದರ ಮಗಳು, ಅವಳು ಮಾಡಿದ್ದು."

ಮಕ್ಕಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದರು. ಮಗಳ ಕೈ ನಿಂತುಹೋಯಿತು. ಅವಳು ಕೂತಲ್ಲಿಂದಲೇ, ಬಹಳ ಮೆಲ್ಲಗೆ ಕೇಳಿದಳು. ಅಪ್ಪನದೇ ದನಿ ಅದು, ತಗ್ಗಿದ ದನಿ.

"ಹಾಗಿದ್ದರೆ ಅಪ್ಪ ಮುಚ್ಚಳ ಯಾಕೆ ಹಾಕಿದರು ಅತ್ತೆ?"

ಪಾತ್ರೆಯಕ್ಕ ಹೇಳಿದಳು. ಒಂದನ್ನೂ ಮುಚ್ಚಿಡದೆ, ಮಕ್ಕಳಿಗೆ ತಿಳಿಯುವ ಮಾತಿನಲ್ಲಿ. ಜ್ವರ ಬಂದದ್ದು, ನಾಲಿಗೆಯೂ ಮೂಗೂ ಸತ್ತದ್ದು, ನೆಕ್ಕದ ಚಮಚಗಳು, ಕಿಂಡಿಯ ಕಟ್ಟೆ, ಅಂಗಾತ, ಬೋರಲು. ಅವತ್ತು ತಾನು ಆಸ್ಪತ್ರೆಯಲ್ಲಿದ್ದದ್ದು. ನಿಮ್ಮಪ್ಪನಿಗೆ ನಿನ್ನ ಅಡುಗೆ ರುಚಿಸಲಿಲ್ಲ ಅಂತ ಅಲ್ಲ ಕಣಮ್ಮ, ರುಚಿಯೇ ಗೊತ್ತಾಗಲಿಲ್ಲ, ಹೆದರಿ ಮುಚ್ಚಿದರು ಎಂದಳು. ಮಾರನೆಯ ದಿನ ಗೋಡೆ ಹಿಡಿದು ಕೂತದ್ದನ್ನೂ, ಕೊನೆಗೆ ಕೈ ಹಿಡಿದು ಮಾತು ತೆಗೆದುಕೊಂಡದ್ದನ್ನೂ ಹೇಳಿದಳು.

ಟೀಚರಮ್ಮ ಕೈಯಲ್ಲಿದ್ದ ಸೀಮೆಸುಣ್ಣ ಮರೆತು ನಿಂತಿದ್ದಳು. ಮಗಳು ಎದ್ದಳು.

"ಅಪ್ಪನ ಮಾತು ಬಿಡಿ. ನೀವು ನನ್ನ ಅಂಗಡಿಗೆ ಬಂದು ಪರದೆ ಹೊಲಿಸಿಕೊಂಡು ಹೋದ್ರಲ್ಲ ಅತ್ತೆ. ಆ ಪರದೆ ಹಿಡಿದುಕೊಂಡು ನನ್ನ ಮುಖ ನೋಡಿದ್ರಲ್ಲ. ಅವಾಗಲೂ ನಿಮಗೆ ಬಾಯಿ ಬರಲಿಲ್ವಾ?"

ಮಗಳು ಏಪ್ರನ್ನನ್ನು ಎದೆಗೆ ಅವುಚಿಕೊಂಡು ಹೊರಗೆ ನಡೆದುಬಿಟ್ಟಳು. ಫೋಟೋದ ಪಕ್ಕದ ಮೊಳೆ ಬರಿದಾಗೇ ಉಳಿಯಿತು.

ಆಮೇಲೆ ಅದೇ ಸಣ್ಣ ಹುಡುಗಿ, ಏನೂ ಆಗೇ ಇಲ್ಲವೆನ್ನುವ ಹಾಗೆ, ರುಚಿ ಗೊತ್ತಾಗದೆ ಅವರು ಅಷ್ಟು ಚೆನ್ನಾಗಿ ಹೆಂಗೆ ಮಾಡ್ತಿದ್ರು ಅಜ್ಜಿ ಎಂದು ಕೇಳಿದಳು. ಆ ದನಿಯಲ್ಲಿ ತಾತ್ಸಾರ ಇರಲಿಲ್ಲ, ಬರೀ ಬೆರಗು. ಪಾತ್ರೆಯಕ್ಕನಿಗೆ ಹೋದ ಉಸಿರು ತಿರುಗಿ ಬಂತು. ಈರುಳ್ಳಿ ಎಣ್ಣೆಗೆ ಬಿದ್ದಾಗ ಮೊದಲು ಚುರ್ ಅನ್ನುತ್ತೆ, ನೀರು ಆರಿದ ಮೇಲೆ ಪಿಸುಗುಡುತ್ತೆ, ಕೆಂಪಾಗುವ ಹೊತ್ತಿಗೆ ಸುಮ್ಮನಾಗುತ್ತೆ, ಉಸ್ತಾದರು ಒಲೆಗೆ ಬೆನ್ನು ಹಾಕಿ ನಿಂತು ಆ ಸದ್ದಿನಲ್ಲೇ ಇಳಿಸು ಎನ್ನುತ್ತಿದ್ದರು ಎಂದಳು. ಮಕ್ಕಳು ತಾವಾಗಿಯೇ ಕಣ್ಣು ಮುಚ್ಚಿಕೊಂಡು ಕಿವಿಗೊಟ್ಟರು, ಅಲ್ಲೆಲ್ಲೋ ಈರುಳ್ಳಿ ಹುರಿಯುತ್ತಿರುವ ಹಾಗೆ.

ಮನೆಗೆ ಬರುವ ದಾರಿಯಲ್ಲಿ ಮೊಮ್ಮಗಳು ಅಜ್ಜಿಯ ಸೆರಗು ಹಿಡಿದು ನಡೆದಳು. ಆಮೇಲೆ, ಕೊಟ್ಟ ಮಾತು ಮುರಿದೆ ಅಲ್ವಾ ಅಜ್ಜಿ ಎಂದಳು.

"ಮುರಿದೆ."

"ತಪ್ಪಲ್ವಾ?"

"ತಪ್ಪೇ," ಎಂದಳು ಪಾತ್ರೆಯಕ್ಕ. ಅದಕ್ಕೊಂದು ಸಬೂಬು ಹುಡುಕಲಿಲ್ಲ. ಮೊಮ್ಮಗಳ ಚೀಲ ತಾನು ಇಸಿದುಕೊಂಡು ಹೆಗಲಿಗೆ ಹಾಕಿಕೊಂಡಳು.

*

ಆಮೇಲಿನ ದಿನಗಳಲ್ಲಿ ಅವಳಿಗೆ ಊಟ ಸೇರಲಿಲ್ಲ. ಸೊಸೆ ತೊಳೆದ ಪಾತ್ರೆಗಳನ್ನು ಮುಟ್ಟಲೂ ಇಲ್ಲ. ಅತ್ತೆಗೆ ಮೈ ಸರಿಯಿಲ್ಲವೇನೋ ಎಂದು ಸೊಸೆ ಹೆದರಿ, ತಾನೇ ಒಂದು ಪಾತ್ರೆಯನ್ನು ಬೇಕೆಂದೇ ಅರೆಬರೆ ತೊಳೆದು ಅವಳ ಕಣ್ಣಿಗೆ ಬೀಳುವ ಹಾಗೆ ಇಟ್ಟಳು. ಅದೂ ಹಾಗೇ ಇತ್ತು.

ಒಂದು ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ನೆರಳು ಬಿತ್ತು. ಉಸ್ತಾದರ ಮಗಳು ನಿಂತಿದ್ದಳು. ಕೈಯಲ್ಲಿ ಬಿಸಿ ಪಾತ್ರೆ, ಕೈ ಸುಡದಿರಲೆಂದು ಅದನ್ನು ಅಪ್ಪನ ಏಪ್ರನ್ನಿನಲ್ಲಿ ಸುತ್ತಿ ಹಿಡಿದಿದ್ದಳು. ನಿದ್ದೆಗೆಟ್ಟ ಮುಖ. ಬಂದೆ ಎನ್ನಲಿಲ್ಲ, ಚೆನ್ನಾಗಿದ್ದೀರಾ ಎನ್ನಲಿಲ್ಲ. ಪಾತ್ರೆಯನ್ನು ನಲ್ಲಿಯ ಕಟ್ಟೆಯ ಪಕ್ಕ ಇಟ್ಟು, ಹಿಡಿಯನ್ನು ಪಾತ್ರೆಯಕ್ಕನ ಕಡೆಗೆ ತಿರುಗಿಸಿದಳು.

"ಚಮಚ ಇದೆಯಾ ಅತ್ತೆ?"

ಪಾತ್ರೆಯಕ್ಕ ಒಳಗೆ ಹೋಗಿ ಚಮಚ ತಂದಳು. ಮುಚ್ಚಳ ತೆಗೆದರೆ ಅದೇ ತರಕಾರಿ ಸೂಪು. ಅದ್ದಿ ಬಾಯಿಗಿಟ್ಟುಕೊಂಡಳು. ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು. ಎಷ್ಟೋ ಕಾಲ ಒಲೆ ಬಿಟ್ಟ ಕೈ, ಬೇಯಿಸಿದ ಹದ ಇನ್ನೂ ಕೈಯಲ್ಲೇ ಇದೆ, ಆದರೆ ಎಲ್ಲೋ ಅಳುಕಿದೆ. ಚೆನ್ನಾಗಿದೆ ಎಂದುಬಿಟ್ಟರೆ ಈ ಹುಡುಗಿ ಅತ್ತು ಹಗುರಾಗಿ ಮನೆಗೆ ಹೋಗುತ್ತಾಳೆ, ತನ್ನ ಮೇಲಿನ ಮುನಿಸೂ ಕರಗೀತು ಎಂದು ಪಾತ್ರೆಯಕ್ಕನಿಗೆ ಒಂದು ಗಳಿಗೆ ಅನ್ನಿಸಿತು. ಹೊಗಳುವವರು ಬೇಕಾದಷ್ಟು ಇದ್ದಾರೆ ಎಂದಿದ್ದರು ಉಸ್ತಾದರು.

ಅವಳು ನಲ್ಲಿ ತಿರುಗಿಸಿದಳು. ನೀರು ಸದ್ದು ಮಾಡಿತು. ಚಮಚವನ್ನು ಕಟ್ಟೆಯ ಮೇಲೆ ಬೋರಲು ಇಟ್ಟಳು.

"ಉಪ್ಪು," ಎಂದಳು.

ಮಗಳು ಆ ಚಮಚವನ್ನೇ ನೋಡಿದಳು. ಮುಖ ಮೊದಲು ಗಂಟಿಕ್ಕಿತು, ಆಮೇಲೆ ಸಡಿಲವಾಯಿತು, ಕಣ್ಣು ತುಂಬಿಕೊಂಡಿತು. ನನಗೂ ಅನ್ನಿಸಿತ್ತು ಅತ್ತೆ, ಧೈರ್ಯ ಬರಲಿಲ್ಲ ಎಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗಿ ಸೊಸೆಯ ಹತ್ತಿರ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುತ್ತಿದ್ದದ್ದು ಹೊರಗೆ ಕೇಳಿಸಿತು.

ಪಾತ್ರೆಯಕ್ಕ ಬಾಯಿಗೆ ಹೋದ ಚಮಚವನ್ನು ನೀರಿನ ಕೆಳಗೆ ಹಿಡಿದು ಉಜ್ಜಿ ಉಜ್ಜಿ ತೊಳೆದಳು. ಒರೆಸಿದಳು. ಆದರೂ ಅದನ್ನು ಪಕ್ಕಕ್ಕಿಟ್ಟು, ಸೊಸೆ ತೊಳೆದು ಬೋರಲು ಹಾಕಿದ ಸಾಲಿನಿಂದ ಇನ್ನೊಂದು ಚಮಚ ತೆಗೆದುಕೊಂಡು, ಪಾತ್ರೆಯ ಮುಂದೆ ಕಾಯುತ್ತಾ ಕೂತಳು.